ಕತ್ತರಿಸೋ ಮುಂಚೆ ಒಮ್ಮೆ ಜ್ಯಾಕ್ ಏರಿಸಿ ನೋಡಿ

ಇಲ್ಲಿ ಮಿಶಿಗನ್ನಿನಲ್ಲಿ ನನ್ನ ಗೆಳೆಯನೊಬ್ಬ ಹೋದ ತಿಂಗಳು ಒಂದು ಹಳೇ ಪಿಕಪ್ ಟ್ರಕ್ ಕೊಂಡ. ೧೯೫೩ರ ಶೆವ್ರೊಲೆ ೩೧೦೦. ದುಂಡು ದುಂಡು ಮಡ್‌ಗಾರ್ಡು, ನಗ್ತಾ ಇರೋ ಹಾಗೆ ಕಾಣೋ ಐದು ಪಟ್ಟಿಯ ಗ್ರಿಲ್ಲು, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ. ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ಬೇಕು. ಮನೆಗೆ ತಂದ ಮೂರನೇ ದಿನಕ್ಕೇ ಫೋನು.

"ಮಾರಾಯ, ಇದು ಓಡೋ ಗಾಡಿ ಅಲ್ಲ, ಈಜೋ ಗಾಡಿ! ನಲವತ್ತೈದು ಮೈಲಿ ವೇಗ ದಾಟಿದ್ರೆ ಈ ಅಂಚಿಂದ ಆ ಅಂಚಿಗೆ ತೇಲುತ್ತೆ. ಮುಂದಿನ ಸಸ್ಪೆನ್ಷನ್ ಪೂರ್ತಿ ಕತ್ತರಿಸಿ ಹಾಕಿ ಮಸ್ಟಾಂಗ್ ಟೂ ಕಿಟ್ ಕೂರಿಸ್ಬಿಡ್ತೀನಿ. ನೀನೂ ಅದನ್ನೇ ತಾನೇ ಹಾಕಿಸಿದ್ದು?"

ಹೌದು ಸ್ವಾಮಿ, ನಾನೂ ಅದನ್ನೇ ಹಾಕಿಸಿದ್ದು. ೨೦೧೩ರಲ್ಲಿ, ನನ್ನ ೧೯೫೧ರ ಇದೇ ಜಾತಿಯ ಟ್ರಕ್ಕಿಗೆ. ಅದಕ್ಕೇ ಅವನಿಗೆ "ಬೇಡ, ಈಗಲೇ ಬೇಡ" ಅಂದೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು, ಹಾಗಾಗಿ ಇಲ್ಲಿ ಬರೀತಾ ಇದ್ದೀನಿ. ಟ್ರಕ್ಕಿನ ಗಂಧಗಾಳಿ ಇಲ್ಲದ ಬ್ಲಾಗ್ ಮಿತ್ರರು ಓಡಿಹೋಗ್ಬೇಡಿ, ನಿಮಗೆ ಅರ್ಥ ಆಗೋ ಹಾಗೇ ಹೇಳ್ತೀನಿ :-)

*

ಮೊದಲು ಈ ಟ್ರಕ್ಕಿನ ಮೂತಿಯ ಕೆಳಗೆ ಏನಿದೆ ಅಂತ ನೋಡೋಣ. ನಮ್ಮೂರ ಲಾರಿಯ ಕೆಳಗೆ ಯಾವತ್ತಾದ್ರೂ ಬಗ್ಗಿ ನೋಡಿದ್ದರೆ ನಿಮಗೆ ಅರ್ಧ ಕಥೆ ಗೊತ್ತು ಅಂತಲೇ ಲೆಕ್ಕ. ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ದಪ್ಪ ಉಕ್ಕಿನ ತೊಲೆ. ಅದನ್ನು ಅಡ್ಡ ಕೊಯ್ದರೆ ಇಂಗ್ಲಿಷಿನ 'ಐ' ಅಕ್ಷರದ ಆಕಾರ, ಅದಕ್ಕೇ ಐ-ಬೀಮ್ ಆಕ್ಸಲ್ ಅನ್ನೋ ಹೆಸರು. ಆ ತೊಲೆಯ ಮೇಲೆ ಎರಡೂ ಕಡೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಅದೇ ಲೀಫ್ ಸ್ಪ್ರಿಂಗು. ತೊಲೆಯ ಎರಡು ತುದಿಯಲ್ಲಿ ಗೂಟದ ಹಾಗೆ ನಿಂತ ದಪ್ಪ ಪಿನ್ನುಗಳು. ಅವೇ ಕಿಂಗ್‌ಪಿನ್. ಬಾಗಿಲಿಗೆ ತಿರುಗಣಿ ಹೇಗೋ ಚಕ್ರಕ್ಕೆ ಇದು ಹಾಗೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಈ ಗೂಟದ ಸುತ್ತ ತಿರುಗುತ್ತೆ. ನಮ್ಮ ಕಡೆ ಲಾರಿಗಳ ಮುಂಭಾಗ ಇವತ್ತಿಗೂ ಬಹುಪಾಲು ಇದೇ ವ್ಯವಸ್ಥೆ.

ಇದರ ದೋಷವೂ ಇಲ್ಲೇ ಇದೆ. ಎರಡು ಚಕ್ರ ಒಂದೇ ತೊಲೆಗೆ ಕಟ್ಟಿಹಾಕಿದ್ದರಿಂದ ಎಡಗಡೆ ಚಕ್ರ ಗುಂಡಿಗೆ ಬಿದ್ದರೆ ಬಲಗಡೆ ಚಕ್ರವೂ ವಾಲುತ್ತೆ. ಆಕ್ಸಲ್ ಭಾರ ಬೇರೆ. ಗುಂಡಿ ಹತ್ತಿದಾಗಲೆಲ್ಲ ಆ ಭಾರ ಪೂರ್ತಿ ಎದ್ದು ಬೀಳುತ್ತೆ, ಅದರ ಏಟು ನಮ್ಮ ಬೆನ್ನಿಗೆ. ಇದಕ್ಕೆ ಬದಲು ಪ್ರತಿ ಚಕ್ರಕ್ಕೂ ತನ್ನದೇ ತೋಳು, ತನ್ನದೇ ಸ್ಪ್ರಿಂಗು ಕೊಟ್ಟರೆ ಒಂದರ ಕಷ್ಟ ಇನ್ನೊಂದಕ್ಕೆ ತಟ್ಟೋದಿಲ್ಲ. ಇವತ್ತಿನ ಕಾರುಗಳಲ್ಲೆಲ್ಲ ಇರೋದು ಇಂಥ ಸ್ವತಂತ್ರ ಸಸ್ಪೆನ್ಷನ್ನೇ.

ಮಸ್ಟಾಂಗ್ ಟೂ ಕಿಟ್ ಅಂದ್ರೂ ಅದೇ. ೧೯೭೪ರಿಂದ ೧೯೭೮ರವರೆಗೆ ಫೋರ್ಡ್ ಕಂಪನಿ ಒಂದು ಪುಟ್ಟ ಮಸ್ಟಾಂಗ್ ಮಾಡ್ತಿತ್ತು. ಪಿಂಟೋ ಅನ್ನೋ ಸಣ್ಣ ಕಾರಿನ ತಳಹದಿ ಮೇಲೆ ಕಟ್ಟಿದ್ದು. ಮಸ್ಟಾಂಗ್ ಅಭಿಮಾನಿಗಳು ಇವತ್ತಿಗೂ ಅದನ್ನ ತಮ್ಮ ಮನೆತನಕ್ಕೆ ಸೇರಿಸ್ಕೊಳ್ಳೋಕೆ ಹಿಂದೆಮುಂದೆ ನೋಡ್ತಾರೆ ಪಾಪ. ಮೊದಲ ವರ್ಷ ಅದಕ್ಕೆ ವಿ-೮ ಎಂಜಿನ್ನೇ ಇರಲಿಲ್ಲ. ಆದ್ರೆ ಅದರ ಮುಂದಿನ ಸಸ್ಪೆನ್ಷನ್ ಅಚ್ಚುಕಟ್ಟು, ಪುಟ್ಟದು. ಮೇಲೊಂದು ಕೆಳಗೊಂದು ತೋಳು, ನಡುವೆ ಕಾಯಿಲ್ ಸ್ಪ್ರಿಂಗು, ಜೊತೆಗೆ ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗು. ಹಳೇ ಗಾಡಿ ಕಟ್ಟೋರು ಗುಜರಿಯಿಂದ ಅದನ್ನ ಕಿತ್ತು ತಂದು ತಮ್ಮ ಗಾಡಿಗೆ ಬೆಸೆಯೋಕೆ ಶುರು ಮಾಡಿದ್ರು. ಗುಜರಿ ಮಾಲು ಮುಗೀತಾ ಬಂದ ಹಾಗೆ ಹೊಸದಾಗಿ ತಯಾರಿಸಿ ಮಾರೋರು ಹುಟ್ಟಿಕೊಂಡ್ರು. ಈಗ ಆ ಹೆಸರಲ್ಲಿ ಸಿಗೋ ಎಷ್ಟೋ ಕಿಟ್ಟುಗಳಲ್ಲಿ ಅಸಲಿ ಮಸ್ಟಾಂಗಿನದು ಅಂತ ಉಳಿದಿರೋದು ಅಳತೆ, ವಿನ್ಯಾಸ ಅಷ್ಟೇ. ತೆಗಳಿಸಿಕೊಂಡ ಕಾರು ಸತ್ತಮೇಲೆ ಸಾವಿರಾರು ಗಾಡಿಗಳಿಗೆ ಕಾಲು ಕೊಟ್ಟಿತು ನೋಡಿ!

*

ಇಷ್ಟೆಲ್ಲ ಒಳ್ಳೇದಿದ್ರೆ ಬೇಡ ಅಂತ ಯಾಕೆ ಹೇಳ್ತೀಯ ಅಂತೀರಾ? ಇಲ್ಲಿಂದ ನನ್ನ ತಕರಾರು ಶುರು.

ಹಳೇ ಗಾಡಿ ಕೊಂಡವರ ಬಾಯಲ್ಲಿ ಸಾಮಾನ್ಯವಾಗಿ ಬರೋ ಮಾತು: "ಆ ಕಾಲದೋರಿಗೆ ಇದೆಲ್ಲ ಗೊತ್ತಿರಲಿಲ್ಲ, ಎತ್ತಿನ ಗಾಡಿ ತಂತ್ರಜ್ಞಾನ." ಇದು ಸುಳ್ಳು. ಶೆವ್ರೊಲೆ ಕಂಪನಿ ತನ್ನ ಕಾರುಗಳಿಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್ ಕೊಟ್ಟಿದ್ದು ೧೯೩೪ರಲ್ಲೇ. 'ನೀ ಆ್ಯಕ್ಷನ್' ಅಂತ ಹೆಸರಿಟ್ಟು ಜಾಹೀರಾತು ಬೇರೆ ಹಾಕಿದ್ರು. ಅದೇ ಕಂಪನಿ ೧೯೪೭ರಲ್ಲಿ ಹೊಸ ಟ್ರಕ್ ಮಾದರಿ ತಂದಾಗ ಅದಕ್ಕೆ ತೊಲೆ ಆಕ್ಸಲ್ಲನ್ನೇ ಹಾಕಿತು, ಅದೂ ೧೯೫೫ರವರೆಗೆ ಹಾಗೇ ನಡೀತು. ಟ್ರಕ್ಕಿಗೆ ಸ್ವತಂತ್ರ ಸಸ್ಪೆನ್ಷನ್ ಬಂದಿದ್ದು ೧೯೬೦ರಲ್ಲಿ. ಮೊದಲು ತಿರುಚೋ ಸರಳಿನ ಸ್ಪ್ರಿಂಗು, ಆಮೇಲೆ ೧೯೬೩ರಲ್ಲಿ ಕಾಯಿಲ್ ಸ್ಪ್ರಿಂಗು. ಫೋರ್ಡ್‌ನೋರಂತೂ ತಮ್ಮ ಎಫ್-೧೦೦ಕ್ಕೆ ೧೯೬೪ರವರೆಗೂ ಒಂದೇ ತೊಲೆ ಹಾಕಿ, ೧೯೬೫ರಲ್ಲಿ 'ಟ್ವಿನ್ ಐ-ಬೀಮ್' ತಂದ್ರು.

ಅಂದ್ರೆ ಗೊತ್ತಿಲ್ಲದೆ ಹಾಕಿದ್ದಲ್ಲ, ಗೊತ್ತಿದ್ದೇ ಹಾಕಿದ್ದು. ಆ ಟ್ರಕ್ಕು ಹೊಲಕ್ಕೆ ಹೋಗೋದು, ಗೊಬ್ಬರ ಹೊರೋದು, ಮಣ್ಣು ರಸ್ತೆಯಲ್ಲಿ ದುಡಿಯೋದು. ಭಾರ ಏರಿದ್ರೂ ಇಳಿದ್ರೂ ತೊಲೆಯ ಮೇಲಿನ ಚಕ್ರದ ವಾಲು ಬದಲಾಗೋದಿಲ್ಲ. ಸವೆಯೋ ಭಾಗಗಳು ಕಮ್ಮಿ. ಕೆಟ್ಟರೆ ರೈತ ತನ್ನ ಕೊಟ್ಟಿಗೇಲೇ ರಿಪೇರಿ ಮಾಡ್ಕೋಬಹುದು. ಇನ್ನು ವೇಗದ ಮಾತು. ಅಂತರರಾಜ್ಯ ಹೆದ್ದಾರಿಗಳ ಕಾಯ್ದೆಗೆ ಐಸೆನ್‌ಹೋವರ್ ಸಹಿ ಹಾಕಿದ್ದೇ ೧೯೫೬ರಲ್ಲಿ. ನನ್ನ ಟ್ರಕ್ಕು, ಗೆಳೆಯನ ಟ್ರಕ್ಕು ಎರಡೂ ಅದಕ್ಕಿಂತ ಮುಂಚೆ ಹುಟ್ಟಿದವು. ಸುಮಾರು ೯೦ ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್ನು, ಹಿಂದಿನ ಆಕ್ಸಲ್ಲಿನಲ್ಲಿ ೪.೧೧ರ ಗೇರು. ಐವತ್ತೈದು ಮೈಲಿ ದಾಟಿದರೆ ಎಂಜಿನ್ನೇ "ಸಾಕಪ್ಪಾ" ಅಂತ ಕಿರುಚುತ್ತೆ. ಇಂಥ ಗಾಡಿಗೆ ಮುಂದೆ ಮಾತ್ರ ಹೊಸ ಕಾಲು ಕೊಟ್ಟು ಎಪ್ಪತ್ತೈದರಲ್ಲಿ ಓಡಿಸ್ತೀನಿ ಅಂದ್ರೆ ಹೇಗೆ? ಆಗ ಎಂಜಿನ್ ಬದಲಾಯಿಸಬೇಕು, ಗೇರ್‌ಬಾಕ್ಸ್ ಬದಲಾಯಿಸಬೇಕು, ಹಿಂದಿನ ಆಕ್ಸಲ್ ಬದಲಾಯಿಸಬೇಕು. ಸಸ್ಪೆನ್ಷನ್ ಅಂತ ಶುರುವಾದದ್ದು ಗಾಡಿಯ ಹೆಸರು ಮಾತ್ರ ಉಳಿಯೋ ಹೊತ್ತಿಗೆ ನಿಲ್ಲುತ್ತೆ.

*

ಈಗ ನನ್ನ ಕಥೆ. ನನ್ನ ಟ್ರಕ್ಕೂ ತೇಲ್ತಿತ್ತು. ಸ್ಟಿಯರಿಂಗು ಎಡಕ್ಕೊಂದು ಗೇಣು ಬಲಕ್ಕೊಂದು ಗೇಣು ತಿರುಗಿಸಿದ್ರೂ ಗಾಡಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಸೇತುವೆಯ ಸಂದು ದಾಟಿದ ಕೂಡ್ಲೆ ಮುಂದಿನ ಚಕ್ರಗಳು ಗಡಗಡ ನಡುಗೋವು. ನಾನು ಮಾಡಿದ್ದೇನು? ಒಂದು ದಿನವೂ ಜ್ಯಾಕ್ ಏರಿಸಿ ನೋಡಲಿಲ್ಲ. ಚಿತ್ರಗಳನ್ನು ನೋಡಿದೆ, ಕಿಟ್ಟಿನ ಫಳಫಳ ಹೊಳೆಯೋ ತೋಳುಗಳನ್ನು ನೋಡಿದೆ, ಕಾರ್ಡು ಉಜ್ಜಿದೆ. ಕಿಟ್ಟಿಗೆ ಕೆಲವು ಸಾವಿರ ಡಾಲರು, ಬೆಸೆಯೋ ಕೂಲಿ ಅದಕ್ಕಿಂತ ಹೆಚ್ಚು. ಕೆಲಸ ಒಪ್ಪಿಕೊಂಡ ಗ್ಯಾರೇಜಿನೋರು (ಹೆಸರು ಬೇಡ ಬಿಡಿ) ಗ್ಯಾಸ್ ಟಾರ್ಚಿನಲ್ಲಿ ಹಳೇ ಹ್ಯಾಂಗರುಗಳನ್ನೆಲ್ಲ ಕತ್ತರಿಸಿ, ಆಕ್ಸಲ್ಲನ್ನು ಹಿತ್ತಲ ಗುಜರಿ ರಾಶಿಗೆ ಎಸೆದ್ರು. "ಬೇಕಾ?" ಅಂತ ಕೇಳಿದ್ರು ಕೂಡ. ನಾನು ನಕ್ಕು "ಏನ್ ಮಾಡ್ಲಿ ಅದನ್ನ?" ಅಂದೆ.

ಆರು ತಿಂಗಳು ಖುಷಿಯಾಗಿದ್ದೆ. ಮೆತ್ತಗೆ ಓಡ್ತಿತ್ತು ಗಾಡಿ, ಸುಳ್ಳು ಹೇಳೋದಿಲ್ಲ. ಆದ್ರೆ ಜೋರಾಗಿ ಬ್ರೇಕ್ ಒತ್ತಿದರೆ, ಅಂದ್ರೆ ಮೂತಿ ಕೆಳಕ್ಕೆ ಬಗ್ಗಿದರೆ, ಗಾಡಿ ತಾನಾಗೇ ಬಲಕ್ಕೆ ಎಳೀತಿತ್ತು. ಗುಂಡಿ ಹತ್ತಿದಾಗಲೂ ಅಷ್ಟೇ. ಇದಕ್ಕೆ ಬಂಪ್ ಸ್ಟಿಯರ್ ಅಂತಾರೆ. ಚಕ್ರ ಮೇಲೆ ಕೆಳಗೆ ಆಡುವಾಗ ಸಸ್ಪೆನ್ಷನ್ ತೋಳು ಒಂದು ಕಮಾನಿನಲ್ಲಿ ತಿರುಗುತ್ತೆ, ಸ್ಟಿಯರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದಿಕೊಂಡಿದ್ರೆ ಸರಿ. ರ‍್ಯಾಕ್ ಸ್ವಲ್ಪ ಮೇಲೋ ಕೆಳಗೋ ಕೂತರೆ, ಅಥವಾ ಅದರ ಉದ್ದ ತೋಳುಗಳ ಕೀಲಿಗೆ ಹೊಂದದೇ ಹೋದರೆ, ಸ್ಟಿಯರಿಂಗು ನಿಮ್ಮ ಕೈಯಲ್ಲಿ ನೇರ ಇದ್ರೂ ಚಕ್ರ ತಿರುಗಿಬಿಡುತ್ತೆ. ನನ್ನ ಗಾಡಿಯಲ್ಲಿ ಅಡ್ಡತೊಲೆಯನ್ನೇ ಒಂಚೂರು ಓರೆಯಾಗಿ ಬೆಸೆದಿದ್ರು. ಎರಡು ವರ್ಷ ಆದ್ಮೇಲೆ ಆ ಬೆಸುಗೆಯ ಪಕ್ಕ ಚಾಸಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಈ ಟ್ರಕ್ಕುಗಳ ಚಾಸಿ ಒಂದು ಬದಿ ತೆರೆದ ಚಾನಲ್ಲು. ಹೊಸ ಅಡ್ಡತೊಲೆ ಬೆಸೆಯೋ ಜಾಗದಲ್ಲಿ ಆ ತೆರೆದ ಬದಿಗೆ ತಗಡು ಮುಚ್ಚಿ ಪೆಟ್ಟಿಗೆಯ ಹಾಗೆ ಬಲಪಡಿಸಬೇಕು. ಅದನ್ನ ಮಾಡಿರಲೇ ಇಲ್ಲ. ಬೇರೆ ಕಡೆ ಎಲ್ಲ ಬಿಚ್ಚಿಸಿ ಇನ್ನೊಮ್ಮೆ ಮಾಡಿಸಿದೆ. ಎರಡನೇ ಸಲದ ಬಿಲ್ಲು ಮೊದಲನೇದಕ್ಕಿಂತ ದೊಡ್ಡದು.

ಅಷ್ಟಕ್ಕೇ ಮುಗಿದಿದ್ರೆ ದುಡ್ಡು ಹೋಯ್ತು, ಬುದ್ಧಿ ಬಂತು ಅಂತ ಸುಮ್ಮನಾಗ್ತಿದ್ದೆ. ನಿಜವಾದ ಏಟು ಬಿದ್ದಿದ್ದು ಆಮೇಲೆ.

ನಮ್ಮ ಮನೆಯಿಂದ ಮೂರು ಬೀದಿ ಆಚೆ ಒಬ್ಬರು ಅಜ್ಜ ಇದ್ದಾರೆ. ಜೀವಮಾನವೆಲ್ಲ ಟೂಲ್ ಅಂಡ್ ಡೈ ಕೆಲಸ ಮಾಡಿದೋರು. ಅವರ ಹತ್ರ ೧೯೫೪ರ ೩೧೦೦ ಇದೆ, ಮುಂದೆ ಅದೇ ಹಳೇ ತೊಲೆ ಆಕ್ಸಲ್ಲು. ಪ್ರತಿ ಆಗಸ್ಟಿನಲ್ಲಿ ಇಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೇ ಗಾಡಿಗಳ ದೊಡ್ಡ ಜಾತ್ರೆ ನಡೆಯುತ್ತೆ, ೧೯೯೫ರಲ್ಲಿ ಶುರುವಾದದ್ದು. ಒಂದು ವರ್ಷ ಜಾತ್ರೆ ಮುಗಿಸಿ ವಾಪಸ್ ಬರುವಾಗ ಅವರು "ಓಡಿಸ್ತೀಯಾ?" ಅಂತ ಕೀಲಿ ಕೊಟ್ರು. ನಾನು ತೇಲೋದಕ್ಕೆ ಸಿದ್ಧವಾಗೇ ಕೂತೆ. ಗಾಡಿ ತೇಲಲಿಲ್ಲ! ಐವತ್ತರಲ್ಲಿ ನೇರ ಹೋಯ್ತು. ಗುಂಡಿ ಹತ್ತಿದಾಗ ಧಡ್ ಅಂತು, ನಿಜ. ಆದ್ರೆ ಧಡ್ ಅಂದು ಸುಮ್ಮನಾಯ್ತು. ಸ್ಟಿಯರಿಂಗು ಭಾರ ಇತ್ತು, ಆದ್ರೆ ಹೇಳಿದ ಮಾತು ಕೇಳ್ತಿತ್ತು.

ಇಳಿದು ಕೇಳಿದೆ, ಏನು ಮಾಡಿಸಿದ್ರಿ ಅಂತ. "ಕಿಂಗ್‌ಪಿನ್ ಹಾಕಿದೆ, ಸ್ಪ್ರಿಂಗ್ ಬಿಚ್ಚಿ ತೊಳೆದೆ, ಗ್ರೀಸ್ ಹಚ್ತೀನಿ" ಅಂದ್ರು. ಅಷ್ಟೇ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ನಾನು ಕತ್ತರಿಸಿ ಎಸೆದದ್ದು ಕೆಟ್ಟ ವಿನ್ಯಾಸವನ್ನಲ್ಲ, ಅರವತ್ತು ವರ್ಷದ ಸವೆತವನ್ನು. ಆ ಟ್ರಕ್ಕು ಸರಿಯಾಗಿದ್ದಾಗ ಹೇಗೆ ಓಡ್ತಿತ್ತು ಅಂತ ನಾನು ಒಂದು ದಿನವೂ ನೋಡಲಿಲ್ಲ. ನೋಡೋ ಅವಕಾಶ ಇನ್ನು ಯಾವತ್ತೂ ಇಲ್ಲ.

*

ಹಾಗಾಗಿ ಗೆಳೆಯನಿಗೆ, ಮತ್ತೆ ಇಂಥ ಗಾಡಿ ಕೊಳ್ಳೋ ಎಲ್ಲರಿಗೂ ನಾನು ಹೇಳೋದು ಒಂದೇ: ಮೊದಲು ಜ್ಯಾಕ್ ಏರಿಸಿ. ಒಂದು ಶನಿವಾರದ ಕೆಲಸ.

ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದ್ರೆ ಒಂದೋ ಚಕ್ರದ ಬೇರಿಂಗು ಸಡಿಲ, ಇಲ್ಲವೇ ಕಿಂಗ್‌ಪಿನ್ ಸವೆದಿದೆ. ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಬ್ರೇಕು ಚಕ್ರವನ್ನು ಬಿಗಿಹಿಡಿಯುತ್ತೆ, ಬೇರಿಂಗಿನ ಆಟ ನಿಲ್ಲುತ್ತೆ. ಆಗಲೂ ಅಲ್ಲಾಡಿದ್ರೆ ಕಿಂಗ್‌ಪಿನ್ನೇ ಕಳ್ಳ. ಈ ಪಿನ್ನುಗಳಿಗೆ ಸುಮಾರು ಸಾವಿರ ಮೈಲಿಗೊಮ್ಮೆ ಗ್ರೀಸ್ ಹಾಕಬೇಕು ಅನ್ನೋದು ಆ ಕಾಲದ ಪದ್ಧತಿ. ಎಷ್ಟು ಜನ ಹಾಕಿರ್ತಾರೆ ಹೇಳಿ! ಹೊಸ ಪಿನ್ನು ಬುಷ್ಷುಗಳ ಸೆಟ್ಟು ಕಿಟ್ಟಿನ ಬೆಲೆಯ ಮುಂದೆ ಚಿಲ್ಲರೆ ಕಾಸು. ಆದ್ರೆ ಬುಷ್ಷನ್ನು ಪಿನ್ನಿನ ಅಳತೆಗೆ ಸರಿಯಾಗಿ ಕೊರೆಯೋಕೆ ಬಲ್ಲವರು ಬೇಕು. ಊರಿನ ಹಳೇ ಮೆಷಿನ್ ಶಾಪು ಹುಡುಕಿ.

ಆಮೇಲೆ ಒಬ್ಬರು ಸ್ಟಿಯರಿಂಗು ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗಿಂದ ನೋಡಿ. ಸ್ಟಿಯರಿಂಗ್ ಬಾಕ್ಸಿನಿಂದ ಹೊರಬರೋ ತೋಳು ತಡವಾಗಿ ಅಲ್ಲಾಡಿದ್ರೆ ಬಾಕ್ಸಿನಲ್ಲಿ ಆಟ ಇದೆ. ತೋಳು ಅಲ್ಲಾಡಿಯೂ ಚಕ್ರ ಸುಮ್ಮನಿದ್ರೆ ನಡುವಿನ ಸರಳುಗಳ ಕೀಲುಗಳು ಹೋಗಿವೆ. ಸ್ಪ್ರಿಂಗಿನ ತುದಿಯ ಶ್ಯಾಕಲ್ ಪಿನ್ನು ಬುಷ್ಷುಗಳನ್ನೂ ನೋಡಿ. ಅವು ಸವೆದಿದ್ರೆ ಇಡೀ ಆಕ್ಸಲ್ಲೇ ಅಡ್ಡಡ್ಡ ಸರಿಯುತ್ತೆ.

ಪಟ್ಟಿಗಳ ನಡುವೆ ತುಕ್ಕು ತುಂಬಿ ಇಡೀ ಕಟ್ಟು ಒಂದೇ ಮರದ ದಿಮ್ಮಿಯ ಹಾಗಾಗಿರುತ್ತೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋದರಿಂದ ಇದಂತೂ ಗ್ಯಾರಂಟಿ. ಬಿಚ್ಚಿ, ಉಜ್ಜಿ, ನಡುವೆ ಜಾರುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ಜೋಡಿಸಿದ್ರೆ ಸ್ಪ್ರಿಂಗು ಮತ್ತೆ ಸ್ಪ್ರಿಂಗಾಗುತ್ತೆ.

ಕೊನೆಗೆ ಕ್ಯಾಸ್ಟರ್. ಕಿಂಗ್‌ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಆಗಲೇ ಗಾಡಿ ತಾನಾಗಿ ನೇರಕ್ಕೆ ಬರೋದು. ಸೈಕಲ್ಲಿನ ಮುಂದಿನ ಫೋರ್ಕ್ ಹೇಗೆ ವಾಲಿರುತ್ತೆ ನೆನಪು ಮಾಡ್ಕೊಳ್ಳಿ. ಈ ವಾಲನ್ನು ಸರಿಮಾಡೋಕೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಒಂದು ಬೆಣೆ ಇಡ್ತಾರೆ. ಎಪ್ಪತ್ತು ವರ್ಷದಲ್ಲಿ ಯಾವನೋ ಪುಣ್ಯಾತ್ಮ ಅದನ್ನ ತಿರುಗುಮುರುಗಾಗಿ ಇಟ್ಟಿದ್ರೆ ಗಾಡಿ ತೇಲದೆ ಇನ್ನೇನು ಮಾಡುತ್ತೆ? ಗತ್ತಿಗೆ ಅಂತ ಹಿಂದೆ ದೊಡ್ಡ ಟಯರು ಹಾಕಿ ಹಿಂಭಾಗ ಎತ್ತರಿಸಿದ್ರೂ ಕ್ಯಾಸ್ಟರ್ ಕಮ್ಮಿಯಾಗುತ್ತೆ. ಹಳೇ ಮಾದರಿಯ ಬಯಸ್ ಪ್ಲೈ ಟಯರು ರಸ್ತೆಯ ಗೀರುಗಳನ್ನ ಹಿಂಬಾಲಿಸಿಕೊಂಡು ಹೋಗೋ ಸ್ವಭಾವದ್ದು. ಬರೀ ರೇಡಿಯಲ್ ಟಯರು ಹಾಕಿಸಿದ್ದಕ್ಕೇ ಅರ್ಧ ರೋಗ ವಾಸಿಯಾದ ಗಾಡಿಗಳನ್ನ ನೋಡಿದ್ದೀನಿ.

*

"ಹಾಗಾದ್ರೆ ಎಲ್ಲ ಮ್ಯೂಸಿಯಮ್ಮಿನಲ್ಲಿ ಇಟ್ಟ ಹಾಗೆ ಇಡ್ಬೇಕಾ?" ಅಂತ ಕೇಳ್ತೀರಿ. ಖಂಡಿತ ಇಲ್ಲ. ಮೂಲದಲ್ಲಿ ಇದ್ದದ್ದೆಲ್ಲ ಪವಿತ್ರ ಅನ್ನೋ ಜಾತಿಯವನಲ್ಲ ನಾನು. ಒಂದು ವಿಷಯದಲ್ಲಂತೂ ಮೂಲವನ್ನು ಕಣ್ಣುಮುಚ್ಚಿ ಬದಲಾಯಿಸಬೇಕು, ಅದು ಬ್ರೇಕು. ಈ ಟ್ರಕ್ಕುಗಳ ಬ್ರೇಕಿಗೆ ಕಾಲಡಿಯಲ್ಲಿರೋ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ನಾಲ್ಕು ಚಕ್ರಕ್ಕೂ ಒಂದೇ ದಾರಿಯಲ್ಲಿ ಎಣ್ಣೆ ಹೋಗುತ್ತೆ. ಎಲ್ಲಿ ಒಂದು ಪೈಪು ಒಡೆದ್ರೂ ಪೆಡಲು ನೆಲ ಮುಟ್ಟುತ್ತೆ, ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಸತ್ತುಹೋಗುತ್ತೆ. ಉಳಿಯೋದು ಹ್ಯಾಂಡ್ ಬ್ರೇಕು ಮತ್ತು ದೇವರು. ಎರಡು ಕೋಣೆಯ ಸಿಲಿಂಡರ್ ಅಮೆರಿಕದ ಗಾಡಿಗಳಲ್ಲಿ ಸಾಮಾನ್ಯ ಆದದ್ದು ೧೯೬೭ರ ಹೊತ್ತಿಗೆ. ಜೊತೆಗೆ ಈ ಟ್ರಕ್ಕುಗಳಿಗೆ ಸೀಟ್ ಬೆಲ್ಟ್ ಇರಲಿಲ್ಲ. ಸ್ಟಿಯರಿಂಗಿನ ಕಂಬ ಒಂದೇ ಗಟ್ಟಿ ಸರಳು, ಗುದ್ದಿದರೆ ಎದೆಗೇ. ೧೯೫೩ರ ಮಾದರಿಯಲ್ಲಿ ಪೆಟ್ರೋಲ್ ಟ್ಯಾಂಕು ಇರೋದು ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ ಒಳಗೇ!

ನನ್ನ ಗೆಳೆಯ ಮೂರು ಸಾವಿರ ಡಾಲರ್ ಸಸ್ಪೆನ್ಷನ್ನಿಗೆ ಅಂತ ಎತ್ತಿಟ್ಟಿದ್ದಾನೆ. ಬೆಲ್ಟಿನ ಯೋಚನೆಯೇ ಮಾಡಿಲ್ಲ. ಭಾನುವಾರ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನೋಕೆ ಹೋಗ್ಬೇಕು ಅನ್ನೋದು ಅವನ ಕನಸು. ಆ ಮಗುವಿಗೆ ಮೊದಲು ಬೇಕಾಗಿರೋದು ಯಾವುದು ನೀವೇ ಹೇಳಿ. ಗಾಡಿ ತೇಲಿದ್ರೆ ನಿಧಾನಕ್ಕೆ ಹೋಗಬಹುದು. ನಿಲ್ಲದೇ ಇದ್ರೆ ಏನು ಮಾಡೋದು?

ಅದೃಷ್ಟಕ್ಕೆ, ಹಳೇ ಆಕ್ಸಲ್ ಇಟ್ಟುಕೊಂಡೇ ಮಾಡಬಹುದಾದ ಸುಧಾರಣೆಗಳು ಬೇಕಾದಷ್ಟಿವೆ. ಮೂಲ ಸ್ಪಿಂಡಲ್ಲಿಗೇ ಬೋಲ್ಟ್ ಹಾಕಿ ಕೂರಿಸೋ ಡಿಸ್ಕ್ ಬ್ರೇಕು, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹಳೇ ಬಾಲ್ ಬೇರಿಂಗಿನ ಬದಲು ಟೇಪರ್ ರೋಲರ್ ಬೇರಿಂಗು, ಒಳ್ಳೇ ಶಾಕ್ ಅಬ್ಸಾರ್ಬರ್, ವಾಲೋದನ್ನ ತಡೆಯೋ ಸರಳು, ಕಮ್ಮಿ ಪಟ್ಟಿಯ ಮೆತ್ತನೆ ಸ್ಪ್ರಿಂಗು. ಸ್ಟಿಯರಿಂಗ್ ಭಾರ ಅನ್ನೋರು ಟೊಯೋಟಾದ ಫೋರ್ ವೀಲ್ ಪಿಕಪ್ಪಿನ ಪವರ್ ಸ್ಟಿಯರಿಂಗ್ ಬಾಕ್ಸ್ ತಂದು ಕೂರಿಸ್ಕೊಳ್ತಾರೆ. ಇವೆಲ್ಲದರ ದೊಡ್ಡ ಗುಣ ಏನಂದ್ರೆ, ಹೆಚ್ಚಿನವು ಬೋಲ್ಟಿನ ಕೆಲಸ. ಬೇಡ ಅನ್ನಿಸಿದ್ರೆ ಬಿಚ್ಚಬಹುದು. ಚಾಸಿಗೆ ಟಾರ್ಚ್ ಹಿಡಿದದ್ದನ್ನ ಬಿಚ್ಚೋಕಾಗಲ್ಲ.

ಕತ್ತರಿಸೋದು ಸರಿ ಅನ್ನೋ ಸಂದರ್ಭಗಳೂ ಇವೆ, ಒಪ್ಪಿಕೊಳ್ತೀನಿ. ಯಾರೋ ಆಗಲೇ ಚಾಸಿಯನ್ನ ಹಾಳು ಮಾಡಿಟ್ಟಿದ್ರೆ. ಆಕ್ಸಲ್ಲೇ ಬಗ್ಗಿ, ಬಿರುಕುಬಿಟ್ಟು ಹೋಗಿದ್ರೆ. ಅಥವಾ ಹೊಸ ವಿ-೮ ಎಂಜಿನ್ನು, ಹೊಸ ಗೇರು, ಹೊಸ ಹಿಂದಿನ ಆಕ್ಸಲ್ಲು ಎಲ್ಲ ಹಾಕಿ ದಿನಾ ಹೆದ್ದಾರಿಯಲ್ಲಿ ಎಪ್ಪತ್ತರಲ್ಲಿ ಓಡಿಸೋದೇ ನಿಮ್ಮ ಉದ್ದೇಶ ಆಗಿದ್ರೆ. ಆಗ ಸ್ವತಂತ್ರ ಸಸ್ಪೆನ್ಷನ್ನೇ ಸರಿ, ಅದು ನಿಜಕ್ಕೂ ಮೇಲು. ಆದ್ರೆ ಮಾಡೋದಾದ್ರೆ ಪೂರ್ತಿ ಮಾಡಿ. ಹಳೇ ಆಕ್ಸಲ್ ತೆಗೆಯೋ ಮುಂಚೆಯೇ ಅದರ ಮಧ್ಯರೇಖೆಯನ್ನ ತೂಗುಗುಂಡು ಬಿಟ್ಟು ಚಾಸಿಯ ಮೇಲೂ ನೆಲದ ಮೇಲೂ ಗುರುತು ಹಾಕಿ. ಗಾಡಿ ಕೊನೆಗೆ ಯಾವ ಎತ್ತರದಲ್ಲಿ ನಿಲ್ಲಬೇಕೋ ಆ ಎತ್ತರ, ಆ ವಾಲಿನಲ್ಲೇ ಚಾಸಿಯನ್ನ ಇಟ್ಟು ಬೆಸೆಯಿರಿ. ಬೆಸೆಯೋ ಜಾಗವನ್ನ ಪೆಟ್ಟಿಗೆ ಕಟ್ಟಿ. ನಿಮ್ಮ ಎಂಜಿನ್ನಿನ ತೂಕಕ್ಕೆ ತಕ್ಕ ಸ್ಪ್ರಿಂಗು ತಗೊಳ್ಳಿ. ಆರು ಸಿಲಿಂಡರಿನ ಉದ್ದ ಎಂಜಿನ್ ಉಳಿಸಿಕೊಳ್ಳೋದಾದ್ರೆ ಅದರ ಎಣ್ಣೆ ತೊಟ್ಟಿಗೂ ಎಂಜಿನ್ ಮೌಂಟಿಗೂ ಹೊಸ ಅಡ್ಡತೊಲೆ ಅಡ್ಡ ಬರುತ್ತಾ ಅಂತ ಮೊದಲೇ ಅಳೆಯಿರಿ. ಮತ್ತೆ, ಬೆಸೆಯೋನ ಹಳೇ ಕೆಲಸವನ್ನ ಗಾಡಿಯ ಕೆಳಗೆ ಮಲಗಿ ನೋಡದೆ ಅವನಿಗೆ ಗಾಡಿ ಕೊಡಬೇಡಿ. ಅರೆಬರೆ ಮಾಡಿದ ಹೊಸ ಸಸ್ಪೆನ್ಷನ್ನಿಗಿಂತ ಗ್ರೀಸ್ ತಿಂದ ಹಳೇ ತೊಲೆ ನೂರು ಪಾಲು ಮೇಲು. ಅನುಭವಿಸಿದವನು ಹೇಳ್ತಿದ್ದೀನಿ.

*

ಇದನ್ನೆಲ್ಲ ಹೇಳಿ, ಹೋದ ಶನಿವಾರ ಗೆಳೆಯನ ಮನೆಗೆ ಹೋದೆ. ಗಾಡಿ ಎತ್ತಿದ್ವಿ. ಅವನ ಮಗಳೇ ಸೀಟಿನ ತುದಿಗೆ ಜಾರಿ, ಎರಡೂ ಕಾಲಿಂದ ಬ್ರೇಕ್ ಒತ್ತಿ ಹಿಡಿದಳು. ನಾನು ಬಲಗಡೆ ಚಕ್ರ ಹಿಡಿದು ಅಲ್ಲಾಡಿಸಿದೆ. ಕಟ್... ಕಟ್... ಅಂತು. ಅವನು ನನ್ನ ಮುಖ ನೋಡಿದ. ಎಡಗಡೆ ಅಷ್ಟಿರಲಿಲ್ಲ. ಗ್ರೀಸ್ ನಿಪ್ಪಲ್ಲುಗಳಲ್ಲಿ ಎರಡರ ಮೇಲೆ ಬಣ್ಣ ಬಳಿದುಬಿಟ್ಟಿದ್ರು, ಅಂದ್ರೆ ಬಣ್ಣ ಹೊಡೆದಾಗಿನಿಂದ ಅದಕ್ಕೆ ಗ್ರೀಸ್ ಕಂಡಿಲ್ಲ ಅಂತಾಯ್ತು. ಹಿಂದಿನ ಚಕ್ರದ ಹತ್ರ ಬ್ರೇಕಿನ ಪೈಪು ಮುಟ್ಟಿದ್ರೆ ತುಕ್ಕು ಪುಡಿಪುಡಿಯಾಗಿ ಉದುರಿತು. ಅದನ್ನ ನೋಡಿದ ಮೇಲೆ ಅವನು ಸಸ್ಪೆನ್ಷನ್ ಮಾತೇ ಎತ್ತಲಿಲ್ಲ.

ಈಗ ಗಾಡಿ ಸ್ಟ್ಯಾಂಡಿನ ಮೇಲಿದೆ. ಕಿಂಗ್‌ಪಿನ್ ಸೆಟ್ಟು, ಬ್ರೇಕಿನ ಸಾಮಾನು, ಎರಡು ಸೀಟ್ ಬೆಲ್ಟು ಆರ್ಡರ್ ಆಗಿದೆ. ಮಸ್ಟಾಂಗ್ ಟೂ ಕಿಟ್ಟಿನ ಮಾತು ಮುಂದಿನ ವರ್ಷಕ್ಕೆ. ಸರಿಯಾದ ಆಕ್ಸಲ್ಲಿನ ಮೇಲೆ ಒಂದು ಬೇಸಿಗೆ ಓಡಿಸಿ ನೋಡಿ, ಆಮೇಲೂ ಬೇಕು ಅನ್ನಿಸಿದ್ರೆ ಅವನು ಕತ್ತರಿಸಲಿ, ನಾನೇ ಹೋಗಿ ತೂಗುಗುಂಡು ಹಿಡೀತೀನಿ. ಒಂದೇ ಷರತ್ತು ಹಾಕಿದ್ದೀನಿ. ತೆಗೆದ ಆಕ್ಸಲ್ಲನ್ನ ಗುಜರಿಗೆ ಹಾಕಕೂಡದು, ಎಣ್ಣೆ ಸವರಿ ಗ್ಯಾರೇಜಿನ ಮೂಲೆಯಲ್ಲಿ ಇಡಬೇಕು. ಅವನಿಗೆ ಬೇಡವಾದ್ರೆ ನನಗೆ ಕೊಡಲಿ. ಬೇಕಾ ಅಂತ ಕೇಳಿದ್ರೆ ಈ ಸಲ ನಾನು ನಗೋದಿಲ್ಲ.

ನಿಮ್ಮಲ್ಲಿ ಯಾರಾದ್ರೂ ಹಳೇ ಜೀಪೋ, ಲಾರಿಯೋ, ಟ್ರಕ್ಕೋ ಇಟ್ಟುಕೊಂಡು ಒದ್ದಾಡ್ತಾ ಇದ್ರೆ ಬರೀರಿ. ಕತ್ತರಿಸಿ ಸುಖವಾಗಿರೋರೂ ಬರೀರಿ, ಜಗಳ ಆಡೋಣ.